ಡೆರೆಕ್ ಜಾರ್ಮನ್ ಬ್ಲೂರೇ ಸೆಟ್: ಎರಡನೇ ಪೆಟ್ಟಿಗೆಯಿಂದ ಶುರು ಮಾಡಿ

ಬಿಎಫ್‌ಐ, ಅಂದರೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಇಂಗ್ಲೆಂಡಿನ ನಿರ್ದೇಶಕ ಡೆರೆಕ್ ಜಾರ್ಮನ್‌ನ ಸಿನಿಮಾಗಳನ್ನು ಸೇರಿಸಿ ಎರಡು ಬ್ಲೂರೇ ಪೆಟ್ಟಿಗೆ ಮಾಡಿದೆ. ಮೊದಲನೆಯದರಲ್ಲಿ 1972ರಿಂದ 1986ರವರೆಗಿನ ಕೆಲಸ, ಇದು 2018ರಲ್ಲಿ ಬಂತು. ಎರಡನೆಯದರಲ್ಲಿ 1987ರಿಂದ 1994ರವರೆಗಿನದು, ಅದು ಮರುವರ್ಷ ಬಂತು. ಎರಡನ್ನೂ ಕೊಂಡಿದ್ದೇನೆ. ಒಂದು ಚಳಿಗಾಲ ಪೂರ್ತಿ ಕೂತು ನೋಡಿದ್ದೇನೆ, ಕೆಲವನ್ನು ಮೂರು ಸಲ. ಕೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಒಂದಕ್ಕೇ ದುಡ್ಡಿದ್ದರೆ ಎರಡನೆಯದನ್ನು ತಗೊಳ್ಳಿ. ಎರಡಕ್ಕೂ ಇದ್ದರೆ ಎರಡನ್ನೂ ತಗೊಳ್ಳಿ, ಆದರೆ ನೋಡುವುದನ್ನು ಎರಡನೆಯದರಿಂದ ಶುರು ಮಾಡಿ.

ಯಾಕೆ ಅಂದರೆ, ಈ ಎರಡು ಪೆಟ್ಟಿಗೆಗಳ ನಡುವೆ ಒಂದು ತಾರೀಖು ಇದೆ. 1986ರ ಡಿಸೆಂಬರ್ 22. ಅವತ್ತು ಜಾರ್ಮನ್‌ಗೆ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಮೊದಲ ಪೆಟ್ಟಿಗೆ ಅದಕ್ಕೂ ಮುಂಚಿನದು, ಎರಡನೆಯದು ಅದಾದ ಮೇಲಿನದು. ಪೆಟ್ಟಿಗೆಯ ಮೇಲೆ ಬರೀ ಇಸವಿ ಹಾಕಿದ್ದಾರೆ. ಆದರೆ ಎಲ್ಲ ನೋಡಿ ಮುಗಿಸಿದ ಮೇಲೆ ನನಗೆ ಆ ಗೆರೆ ಬಿಟ್ಟು ಬೇರೇನೂ ಕಾಣಲಿಲ್ಲ. ಆಗ ಆ ಕಾಯಿಲೆಗೆ ಸರಿಯಾದ ಮದ್ದು ಇರಲಿಲ್ಲ. ಇರುವುದು ಇನ್ನು ಸ್ವಲ್ಪ ದಿನ ಅಂತ ಅವನಿಗೆ ಗೊತ್ತಿತ್ತು. ಉಳಿದ ಏಳು ವರ್ಷದಲ್ಲಿ ಅವನು ಆರು ದೊಡ್ಡ ಸಿನಿಮಾ ಮಾಡಿದ, ಪುಸ್ತಕ ಬರೆದ, ಚಿತ್ರ ಬಿಡಿಸಿದ, ಕಲ್ಲು ಹಾಸಿದ ಸಮುದ್ರ ದಂಡೆಯ ಮೇಲೆ ತೋಟ ಬೆಳೆಸಿದ. ದುಡ್ಡು ಕಡಿಮೆ, ಸಮಯ ಕಡಿಮೆ, ಕೊನೆಗೆ ಕಣ್ಣಿನ ಬೆಳಕೂ ಕಡಿಮೆ. ಕಡಿಮೆ ಆದಷ್ಟೂ ಅವನ ಸಿನಿಮಾ ಬಿಡುಬೀಸಾಗುತ್ತಾ ಹೋಯಿತು. ಇದನ್ನು ಒಂದಾದ ಮೇಲೆ ಒಂದು ಡಿಸ್ಕ್ ಹಾಕಿ ಕಣ್ಣಾರೆ ನೋಡಬಹುದು. ಬಿಡಿಬಿಡಿಯಾಗಿ ಎಲ್ಲೋ ಒಂದೊಂದು ಸಿಕ್ಕಿದ್ದನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ.

ಮೊದಲು ಕೊಳ್ಳುವ ವಿಷಯ ಮುಗಿಸುತ್ತೇನೆ. ನನ್ನ ಎರಡನೇ ಪೆಟ್ಟಿಗೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಬಂತು, ಮೂಲೆ ಜಜ್ಜಿಹೋಗಿತ್ತು, ಒಂದು ಡಿಸ್ಕ್ ಹಿಡಿಕೆಯಿಂದ ಕಳಚಿ ಒಳಗೆ ಅಲ್ಲಾಡುತ್ತಿತ್ತು. ಎರಡು ಸಲ ಬರೆದರೂ ಉತ್ತರ ಬರಲಿಲ್ಲ. ಡಿಸ್ಕ್ ಓಡಿತು, ಸುಮ್ಮನಾದೆ. ಆದರೆ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಒಳಗಿನ ಫೋಟೊ ಕೇಳಿ ತಗೊಳ್ಳಿ, ಜೊತೆಗೆ ಬರುವ ಪುಸ್ತಕ ಇದೆಯಾ ಅಂತಲೂ ಕೇಳಿ. ಆ ಪುಸ್ತಕ ಬೇಕೇ ಬೇಕು. ಇನ್ನೊಂದು, ಬ್ಲೂರೇಗಳನ್ನು ದೇಶಗಳ ಗುಂಪಿಗೆ ತಕ್ಕ ಹಾಗೆ ರೀಜನ್ ಅಂತ ಬೀಗ ಹಾಕಿ ಮಾರುತ್ತಾರೆ. ಬ್ರಿಟನ್‌ನವು ಸಾಮಾನ್ಯವಾಗಿ ರೀಜನ್ ಬಿ, ಭಾರತ ಇರುವುದು ರೀಜನ್ ಸಿ. ನಿಮ್ಮ ಪ್ಲೇಯರ್ ಯಾವುದನ್ನು ಓದುತ್ತದೆ ಅಂತ ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ. ಚಿತ್ರದ ಗುಣಮಟ್ಟದ ಬಗ್ಗೆ ನನ್ನ ದೂರು ಏನೂ ಇಲ್ಲ. ಸೂಪರ್ 8 ಅನ್ನುವ ಅಗ್ಗದ ಸಣ್ಣ ರೀಲಿನಲ್ಲಿ ತೆಗೆದ ಭಾಗಗಳು ಕಾಳುಕಾಳಾಗಿಯೇ ಕಾಣುತ್ತವೆ, ಅವು ಹಾಗೇ ಇರಬೇಕು. ಅದನ್ನು ನಯ ಮಾಡಲು ಹೋಗದೆ ಬಿಟ್ಟಿದ್ದಾರಲ್ಲ, ಅದಕ್ಕೇ ಅವರಿಗೆ ಥ್ಯಾಂಕ್ಸ್ ಹೇಳಬೇಕು.

ಜಾರ್ಮನ್ ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ. ಹುಟ್ಟಿದ್ದು 1942ರಲ್ಲಿ, ಲಂಡನ್ ಅಂಚಿನ ನಾರ್ತ್‌ವುಡ್‌ನಲ್ಲಿ. ಅಪ್ಪ ವಾಯುಸೇನೆಯ ಅಧಿಕಾರಿ. ಮಗ ಕಿಂಗ್ಸ್ ಕಾಲೇಜಿನಲ್ಲಿ ಓದಿ, ಆಮೇಲೆ ಸ್ಲೇಡ್ ಕಲಾಶಾಲೆ ಸೇರಿದ. ಅವನು ಮೊದಲು ಪೇಂಟರ್, ಆಮೇಲೆ ಸಿನಿಮಾದವನು, ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಸಿನಿಮಾಕ್ಕೆ ಬಂದಿದ್ದೂ ಸೆಟ್ ಹಾಕುವ ಕೆಲಸದಿಂದ. ಕೆನ್ ರಸೆಲ್ 1971ರಲ್ಲಿ ಮಾಡಿದ 'ದಿ ಡೆವಿಲ್ಸ್'ನಲ್ಲಿ ಆ ಬೆಳ್ಳಗಿನ ಊರು ಇದೆಯಲ್ಲ, ಅದರ ವಿನ್ಯಾಸ ಇವನದೇ. ಆ ದಿನಗಳಲ್ಲಿ ಥೇಮ್ಸ್ ದಂಡೆಯ ಹಳೆಯ ಗೋದಾಮುಗಳಲ್ಲಿ ಇರುತ್ತಿದ್ದ. ಚಳಿ ತಡೆಯಲಾಗದೆ ಗೋದಾಮಿನ ಒಳಗೇ ಗಿಡ ಬೆಳೆಸುವ ಗಾಜಿನ ಮನೆಯೊಂದನ್ನು ನಿಲ್ಲಿಸಿ ಅದರೊಳಗೆ ಮಲಗುತ್ತಿದ್ದ. ಮನೆಮಂದಿ ಮದುವೆ ಮುಂಜಿಗೆ ತೆಗೆಯುವಂಥ ಸೂಪರ್ 8 ಕ್ಯಾಮೆರಾದಲ್ಲಿ ಸ್ನೇಹಿತರನ್ನು, ಬೆಂಕಿಯನ್ನು, ಕನ್ನಡಿಯನ್ನು ಚಿತ್ರಿಸುತ್ತಿದ್ದ. ಆ ಅಗ್ಗದ ಕ್ಯಾಮೆರಾವನ್ನು ಅವನು ಕೊನೆವರೆಗೂ ಬಿಡಲಿಲ್ಲ.

ಜಾರ್ಮನ್ ಗೇ. ಇಂಗ್ಲೆಂಡಿನಲ್ಲಿ 1967ರವರೆಗೆ ಗಂಡಸು ಗಂಡಸನ್ನು ಪ್ರೀತಿಸಿ ಕೂಡಿದರೆ ಜೈಲು. ಆ ವರ್ಷ ಕಾನೂನು ಸ್ವಲ್ಪ ಸಡಿಲವಾಯಿತು, ಅದೂ 21 ತುಂಬಿದವರಿಗೆ, ಬಾಗಿಲು ಹಾಕಿಕೊಂಡರೆ ಮಾತ್ರ. ಆಗ ಜಾರ್ಮನ್‌ಗೆ 25. ಒಂಬತ್ತು ವರ್ಷ ಆದ ಮೇಲೆ, 1976ರಲ್ಲಿ, 'ಸೆಬಾಸ್ಟಿಯಾನೆ' ಬಂತು. ಪಾಲ್ ಹಂಫ್ರೆಸ್ ಜೊತೆ ಸೇರಿ ಮಾಡಿದ್ದು, ಸಾರ್ಡಿನಿಯಾ ದ್ವೀಪದ ಬಿಸಿಲಲ್ಲಿ ಚಿತ್ರೀಕರಿಸಿದ್ದು, ಮಾತೆಲ್ಲ ಲ್ಯಾಟಿನ್‌ನಲ್ಲಿ. ಬಾಗಿಲು ಹಾಕಿಕೊಂಡು ಮಾತ್ರ ಅಂತ ಕಾನೂನು ಹೇಳಿದ್ದನ್ನು ಇವನು ಬಟಾಬಯಲಲ್ಲಿ, ಹಗಲು ಬೆಳಕಲ್ಲಿ, ಗಂಡಸರ ಮೈಯನ್ನು ಪ್ರೀತಿಯಿಂದ ನೋಡುತ್ತಾ ತೆರೆ ಮೇಲೆ ಇಟ್ಟ. ಸಿನಿಮಾ ನಿಧಾನ, ನಡುವೆ ಬೇಜಾರೂ ಆಗುತ್ತದೆ. ಆದರೆ ಅದರಲ್ಲಿ ಯಾರೂ ಯಾರಿಗೂ ಕ್ಷಮೆ ಕೇಳುವುದಿಲ್ಲ. ನಾನೂ ಗೇ. ನಾನು ಬೆಳೆಯುವಾಗ ನೋಡಿದ ಸಿನಿಮಾಗಳಲ್ಲಿ ನನ್ನಂಥವನು ಒಂದೋ ನಗೆಪಾಟಲು, ಇಲ್ಲವೇ ಕೊನೇ ರೀಲಿನಲ್ಲಿ ಹೆಣ. ಅದಕ್ಕೇ 1976ರಲ್ಲೇ ಒಬ್ಬ ಹೀಗೆ ಮಾಡಿದ್ದ ಅನ್ನುವುದು ನನಗೆ ಬರೀ ಇತಿಹಾಸದ ಮಾತಲ್ಲ.

ಮೊದಲ ಪೆಟ್ಟಿಗೆಯ ಉಳಿದವನ್ನು ಬೇಗ ಹೇಳುತ್ತೇನೆ. 'ಜುಬಿಲಿ' (1978) ಪಂಕ್ ಕಾಲದ ಸಿನಿಮಾ, ತುಂಬಾ ಜನ ಹೊಗಳುತ್ತಾರೆ, ನನಗೆ ಗಲಾಟೆ ಜಾಸ್ತಿ ಅನ್ನಿಸಿತು. 'ದಿ ಟೆಂಪೆಸ್ಟ್' (1979) ಮಾತ್ರ ಯಾರಿಗಾದರೂ ತೋರಿಸಬಹುದು. ಶೇಕ್ಸ್‌ಪಿಯರ್ ನಾಟಕ, ಕತ್ತಲೆ ಮನೆ, ಮೇಣದ ಬತ್ತಿ, ಕೊನೆಯಲ್ಲಿ ಮದುವೆ ಮನೆಗೆ ನಾವಿಕರು ಕುಣಿಯುತ್ತಾ ಬರುತ್ತಾರೆ, ಎಲಿಸಬೆತ್ ವೆಲ್ಚ್ ಬಂಗಾರದ ಬಣ್ಣದಲ್ಲಿ ನಿಂತು ಹಾಡುತ್ತಾಳೆ. ಆ ಐದು ನಿಮಿಷಕ್ಕೇ ಡಿಸ್ಕ್ ಹಾಕಬಹುದು. 'ದಿ ಏಂಜೆಲಿಕ್ ಕಾನ್ವರ್ಸೇಶನ್'ನಲ್ಲಿ (1985) ಜೂಡಿ ಡೆಂಚ್ ಶೇಕ್ಸ್‌ಪಿಯರ್ ಸಾನೆಟ್‌ಗಳನ್ನು ಓದುತ್ತಾಳೆ, ತೆರೆ ಮೇಲೆ ಇಬ್ಬರು ಹುಡುಗರು ನಿಧಾನವಾಗಿ, ತಡೆದು ತಡೆದು ಚಲಿಸುತ್ತಾರೆ. ಓಡುತ್ತಾ ಕೆಲಸ ಮಾಡುತ್ತಾ ನೋಡುವ ಸಿನಿಮಾ ಅಲ್ಲ ಇದು.

ಮತ್ತೆ 'ಕಾರವಾಜ್ಜೊ' (1986). ಹದಿನೇಳನೇ ಶತಮಾನದ ಹೊತ್ತಿನ ಇಟಲಿಯ ಚಿತ್ರಕಾರನ ಕಥೆ. ಇದಕ್ಕೆ ದುಡ್ಡು ಹೊಂದಿಸಲು ಜಾರ್ಮನ್‌ಗೆ ಸುಮಾರು ಏಳು ವರ್ಷ ಹಿಡಿಯಿತು, ಕೊನೆಗೆ ಸಿಕ್ಕಿದ್ದು 5 ಲಕ್ಷ ಪೌಂಡಿಗಿಂತ ಕಡಿಮೆ. ಇಟಲಿಗೆ ಹೋಗುವ ಮಾತೇ ಇಲ್ಲ. ಇಡೀ ಸಿನಿಮಾವನ್ನು ಲಂಡನ್ನಿನ ಐಲ್ ಆಫ್ ಡಾಗ್ಸ್‌ನ ಒಂದು ಗೋದಾಮಿನಲ್ಲಿ ತೆಗೆದರು. ರೋಮ್ ಅಂತ ನಾವು ನಂಬುವುದು ಒಂದು ಗೋಡೆ, ಒಂದು ಬೆಳಕು, ಹಿನ್ನೆಲೆಯ ಸದ್ದು, ಅಷ್ಟೇ. ಅದರ ನಡುವೆ ಒಬ್ಬ ಕ್ಯಾಲ್ಕುಲೇಟರ್ ಒತ್ತುತ್ತಾನೆ, ಇನ್ನೊಬ್ಬ ಸ್ನಾನದ ತೊಟ್ಟಿಯಲ್ಲಿ ಕೂತು ಟೈಪ್‌ರೈಟರ್ ಕುಟ್ಟುತ್ತಾನೆ. ಮೊದಲ ಸಲ ನೋಡಿದಾಗ ಇದೇನು ಅಂತ ಗಲಿಬಿಲಿಯಾಯಿತು. ಆಮೇಲೆ ಹೊಳೆಯಿತು, ಕಾರವಾಜ್ಜೊ ಬೈಬಲ್ ಚಿತ್ರಗಳಿಗೆ ತನ್ನ ಬೀದಿಯ ಜನರನ್ನೇ ತನ್ನ ಕಾಲದ ಬಟ್ಟೆಯಲ್ಲೇ ಕೂರಿಸಿ ಬಿಡಿಸುತ್ತಿದ್ದನಲ್ಲ, ಜಾರ್ಮನ್ ಮಾಡಿದ್ದೂ ಅದನ್ನೇ. ಟಿಲ್ಡಾ ಸ್ವಿಂಟನ್‌ಳ ಮೊದಲ ಸಿನಿಮಾ ಇದು. ಆಮೇಲೆ ಅವನು ಇರುವವರೆಗೂ ಆಕೆ ಅವನ ಸಿನಿಮಾಗಳಲ್ಲಿ ಇದ್ದಳು. ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಆ ವರ್ಷದ ಕೊನೆಯಲ್ಲಿ ಆಸ್ಪತ್ರೆಯ ವರದಿ ಬಂತು.

ಈಗ ಎರಡನೇ ಪೆಟ್ಟಿಗೆ.

'ದಿ ಲಾಸ್ಟ್ ಆಫ್ ಇಂಗ್ಲೆಂಡ್' (1987) ಕೋಪದ ಸಿನಿಮಾ. ಕಥೆ ಇಲ್ಲ. ಪಾಳುಬಿದ್ದ ಕಟ್ಟಡ, ಬಂದೂಕು ಹಿಡಿದವರು, ಬೆಂಕಿ. ನಡುನಡುವೆ ಅಪ್ಪ ತೆಗೆದಿದ್ದ ಮನೆಯ ಹಳೇ ಚಿತ್ರಗಳು, ಹುಲ್ಲಿನ ಮೇಲೆ ಮಗು, ನಗುವ ಅಮ್ಮ. ಕೊನೆಗೆ ಟಿಲ್ಡಾ ಮದುವೆ ಬಟ್ಟೆಯಲ್ಲಿ ನದಿ ದಂಡೆಯ ಮೇಲೆ ನಿಂತು ದೊಡ್ಡ ಕತ್ತರಿಯಿಂದ ಆ ಬಟ್ಟೆಯನ್ನೇ ಕತ್ತರಿಸುತ್ತಾಳೆ, ಹಲ್ಲಲ್ಲಿ ಕಚ್ಚಿ ಹರಿಯುತ್ತಾಳೆ, ಬೆಂಕಿಯ ಪಕ್ಕ ಗಿರಗಿರ ಸುತ್ತುತ್ತಾಳೆ. ನಮ್ಮಲ್ಲಿ ದೇವರು ಮೈಮೇಲೆ ಬಂದವರನ್ನು ನೋಡಿದ್ದರೆ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

'ವಾರ್ ರಿಕ್ವಿಯಮ್' (1989) ಬೆಂಜಮಿನ್ ಬ್ರಿಟನ್ ಅನ್ನುವ ಸಂಗೀತಕಾರನ ಸಂಗೀತಕ್ಕೆ ಕಟ್ಟಿದ್ದು, ಮಾತುಕತೆ ಇಲ್ಲ. ಲಾರೆನ್ಸ್ ಒಲಿವಿಯೆ ಕೊನೆಯದಾಗಿ ಸಿನಿಮಾದಲ್ಲಿ ಕಾಣಿಸಿದ್ದು ಇದರಲ್ಲೇ, ಗಾಲಿ ಕುರ್ಚಿಯಲ್ಲಿ ಕೂತ ಮುದುಕ ಸೈನಿಕನಾಗಿ. ಇದರಲ್ಲೊಂದು ಕಡೆ ಟಿಲ್ಡಾ ಕೂತು ಜಡೆ ಹೆಣೆದುಕೊಳ್ಳುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಎಲ್ಲೂ ಕಟ್ ಇಲ್ಲ, ನಿಮಿಷಗಟ್ಟಲೆ ಬರೀ ಅವಳ ಮುಖ. ನಗು ಬಂದು ಅಳುವಾಗಿ, ಅಳು ಹೋಗಿ ಏನೋ ಆಗಿ, ಮತ್ತೆ ಕೈ ಜಡೆಗೆ ಹೋಗುತ್ತದೆ. ದೊಡ್ಡ ದುಡ್ಡಿನ ಯುದ್ಧದ ಸಿನಿಮಾಗಳನ್ನು ಬೇಕಾದಷ್ಟು ನೋಡಿದ್ದೇನೆ, ಅವುಗಳಲ್ಲಿ ಯಾವ ಬಾಂಬೂ ನನಗೆ ಹೀಗೆ ತಾಗಿಲ್ಲ.

ಇದೇ ಹೊತ್ತಿಗೆ, 1988ರಲ್ಲಿ, ಥ್ಯಾಚರ್ ಸರಕಾರ ಸೆಕ್ಷನ್ 28 ತಂದಿತು. ಸ್ಥಳೀಯ ಆಡಳಿತದವರು ಸಲಿಂಗ ಪ್ರೀತಿಗೆ ಉತ್ತೇಜನ ಕೊಡಬಾರದು ಅನ್ನುವ ಕಾನೂನು. ಇದರಿಂದ ಶಾಲೆ, ಲೈಬ್ರರಿಗಳಲ್ಲಿ ಬಾಯಿಬಿಡಲೂ ಜನ ಹೆದರಿದರು. ಇಂಗ್ಲೆಂಡಿನಲ್ಲಿ ಅದು ಹೋಗಿದ್ದು 2003ರಲ್ಲಿ. ಆ ಹೆದರಿಕೆಯ ದಿನಗಳಲ್ಲಿ ಜಾರ್ಮನ್ ತನಗೆ ಎಚ್‌ಐವಿ ಇದೆ ಅಂತ ಎಲ್ಲರ ಮುಂದೆ ಹೇಳಿದ, ಬೀದಿಗಿಳಿದ, ಮೆರವಣಿಗೆಗಳಲ್ಲಿ ನಡೆದ. ಆಗ ಬ್ರಿಟನ್‌ನಲ್ಲಿ ಹೀಗೆ ಬಾಯಿಬಿಟ್ಟು ಹೇಳಿದ ಹೆಸರುವಾಸಿಗಳು ತೀರಾ ಕಡಿಮೆ. 'ಎಡ್ವರ್ಡ್ ದಿ ಸೆಕೆಂಡ್' (1991) ಆ ಸಿಟ್ಟಿನಿಂದ ಹುಟ್ಟಿದ್ದು. ಮಾರ್ಲೋನ ನಾಲ್ಕು ನೂರು ವರ್ಷ ಹಳೆಯ ನಾಟಕ, ರಾಜನಿಗೆ ಗ್ಯಾವೆಸ್ಟನ್ ಅನ್ನುವ ಗಂಡಸಿನ ಮೇಲೆ ಪ್ರೀತಿ. ಜಾರ್ಮನ್ ಎಲ್ಲರಿಗೂ ಸೂಟು ಹಾಕಿಸಿದ. ರಾಜನ ಕಡೆಯವರಾಗಿ ಔಟ್‌ರೇಜ್ ಅನ್ನುವ ಗೇ ಹಕ್ಕುಗಳ ಸಂಘಟನೆಯ ನಿಜವಾದ ಹೋರಾಟಗಾರರೇ ಫಲಕ ಹಿಡಿದು ಬರುತ್ತಾರೆ, ಎದುರಿಗೆ ಗುರಾಣಿ ಹಿಡಿದ ಪೊಲೀಸರು. ರಾಜ ಮತ್ತು ಗ್ಯಾವೆಸ್ಟನ್ ಬೇರೆಯಾಗುವ ಮುಂಚೆ ಪೈಜಾಮದಲ್ಲಿ ಒಬ್ಬರನ್ನೊಬ್ಬರು ಹಿಡಿದು ಕುಣಿಯುತ್ತಾರೆ, ಪಕ್ಕದಲ್ಲಿ ಆ್ಯನಿ ಲೆನಾಕ್ಸ್ ಬಂದು ನಿಂತು ವಿದಾಯದ ಹಾಡು ಹೇಳುತ್ತಾಳೆ. ಮಲಗುವ ಬಟ್ಟೆಯಲ್ಲಿ ಇಬ್ಬರು ಗಂಡಸರು, ಅಷ್ಟು ಸಾಮಾನ್ಯ, ಅಷ್ಟು ಮನೆಯದು. ಆ ವರ್ಷ ವೆನಿಸ್‌ನಲ್ಲಿ ಟಿಲ್ಡಾಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ನನ್ನ ಪ್ರಕಾರ ಜಾರ್ಮನ್ ಏನು ಅಂತ ಹೊಸಬರಿಗೆ ತೋರಿಸಲು ಇದೇ ಸರಿಯಾದ ಮೊದಲ ಸಿನಿಮಾ.

'ದಿ ಗಾರ್ಡನ್' (1990) ಬಗ್ಗೆ ಹೇಳುವ ಮುಂಚೆ ಆ ಜಾಗದ ಬಗ್ಗೆ ಹೇಳಬೇಕು. 1986ರಲ್ಲಿ ಅಪ್ಪ ತೀರಿಕೊಂಡ ಮೇಲೆ ಬಂದ ದುಡ್ಡಿನಲ್ಲಿ ಜಾರ್ಮನ್ ಕೆಂಟ್ ಕರಾವಳಿಯ ಡಂಜನೆಸ್‌ನಲ್ಲಿ ಒಂದು ಮೀನುಗಾರರ ಮನೆ ಕೊಂಡ. ಪ್ರಾಸ್ಪೆಕ್ಟ್ ಕಾಟೇಜ್, ಬೆಲೆ 32,000 ಪೌಂಡ್. ಡಿಸ್ಕ್‌ಗಳನ್ನು ನೋಡಿ ಮುಗಿಸಿದ ಮೇಲೆ ತಡೆಯಲಾಗದೆ ನಾನೂ ನನ್ನ ಸಂಗಾತಿಯೂ ಅಲ್ಲಿಗೆ ಹೋದೆವು. ಹೊರಗಿನಿಂದ ನೋಡಿದ್ದು ಅಷ್ಟೇ. ಡಾಂಬರು ಬಳಿದ ಕಪ್ಪು ಮರದ ಮನೆ, ಹಳದಿ ಕಿಟಕಿ. ಒಂದು ಗೋಡೆಯ ಮೇಲೆ ಜಾನ್ ಡನ್‌ನ ಕವಿತೆಯ ಸಾಲುಗಳನ್ನು ಮರದಲ್ಲಿ ಕೊರೆದು ಕೂರಿಸಿದ್ದಾರೆ. ಸ್ವಲ್ಪ ದೂರದಲ್ಲಿ ಅಣುಸ್ಥಾವರ. ನೆಲದಲ್ಲಿ ಮಣ್ಣೇ ಇಲ್ಲ, ಎಲ್ಲಿ ಕಾಲಿಟ್ಟರೂ ಬೆಣಚು ಕಲ್ಲು ಕರಕರ ಅನ್ನುತ್ತದೆ. ಅಂಥ ಕಡೆ ಅವನು ತೋಟ ಮಾಡಿದ. ಸಮುದ್ರ ತಂದು ಹಾಕಿದ ಮರದ ತುಂಡು, ತುಕ್ಕು ಹಿಡಿದ ಸರಪಳಿ, ತೂತಿನ ಕಲ್ಲು, ಇವುಗಳ ನಡುವೆ ಸೀ ಕೇಲ್ ಅನ್ನುವ ಕಡಲ ದಂಡೆಯ ಗಿಡ, ಗಸಗಸೆ ಹೂವು, ಲ್ಯಾವೆಂಡರ್. ಬೇಲಿ ಇಲ್ಲ. ತೋಟ ಎಲ್ಲಿ ಮುಗಿಯಿತು, ದಂಡೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ನಾನು ಮೊಣಕಾಲೂರಿ ಒಂದು ಸೀ ಕೇಲ್ ಎಲೆ ಮುಟ್ಟಿ ನೋಡಿದೆ. ದಪ್ಪ, ಬೂದು ಹಸಿರು, ಅಂಚು ಸುಕ್ಕುಸುಕ್ಕು, ಮೇಲೆ ಮೇಣ ಸವರಿದ ಹಾಗೆ. ಆ ಗಾಳಿಗೆ ಬೇರೆ ಎಲೆ ಆಗಿದ್ದರೆ ಹರಿದುಹೋಗುತ್ತಿತ್ತು.

ಜಾರ್ಮನ್ ನಂತರ ಆ ಮನೆಯನ್ನು ನೋಡಿಕೊಂಡಿದ್ದು ಅವನ ಸಂಗಾತಿ ಕೀತ್ ಕಾಲಿನ್ಸ್. 2018ರಲ್ಲಿ ಅವನೂ ತೀರಿಕೊಂಡ. ಮನೆ ಮಾರಾಟವಾಗಿಬಿಡುತ್ತದೆ ಅನ್ನುವ ಹೊತ್ತಿಗೆ, 2020ರಲ್ಲಿ, ಆರ್ಟ್ ಫಂಡ್ ಅನ್ನುವ ಕಲಾ ಸಂಸ್ಥೆ ಜನರ ಹತ್ತಿರ ಚಂದಾ ಎತ್ತಿತು. 8,000ಕ್ಕೂ ಹೆಚ್ಚು ಜನ ಕೊಟ್ಟರು, 35 ಲಕ್ಷ ಪೌಂಡ್ ಕೂಡಿತು, ಮನೆ ಉಳಿಯಿತು. ದುಡ್ಡಿಗಾಗಿ ಏಳು ವರ್ಷ ಅಲೆದವನ ಮನೆಗೆ ಊರವರು ಹೀಗೆ ಕೊಟ್ಟರು ಅನ್ನುವುದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

'ದಿ ಗಾರ್ಡನ್' ಸಿನಿಮಾ ಈ ಮನೆ, ಈ ಕಲ್ಲಿನ ದಂಡೆಯ ಸುತ್ತಲೇ ನಡೆಯುತ್ತದೆ. ಇಬ್ಬರು ಪ್ರೇಮಿಗಳು, ಅವರನ್ನು ಹಿಡಿದು, ಅಣಕಿಸಿ, ಹಿಂಸೆ ಕೊಡುತ್ತಾರೆ, ಏಸುವಿಗೆ ಆದ ಹಾಗೇ. ಮಾತು ಕಡಿಮೆ. ಕೆಲವು ಕಡೆ ನೋಡಲು ಕಷ್ಟ. ನನ್ನ ಸಂಗಾತಿ ಇದನ್ನು ಅರ್ಧಕ್ಕೆ ಬಿಟ್ಟು ಎದ್ದ, ನಾನು ಬಲವಂತ ಮಾಡಲಿಲ್ಲ. 'ವಿಟ್‌ಗೆನ್‌ಸ್ಟೈನ್' (1993) ಇದಕ್ಕೆ ಪೂರ್ತಿ ಉಲ್ಟಾ. ತತ್ವಶಾಸ್ತ್ರಜ್ಞನ ಬದುಕು, ಆದರೆ ಹಗುರವಾಗಿ, ತಮಾಷೆಯಾಗಿ ಹೋಗುತ್ತದೆ. ಸೆಟ್ಟೇ ಇಲ್ಲ. ಹಿಂದೆ ಬರೀ ಕಪ್ಪು, ಮುಂದೆ ಬಣ್ಣಬಣ್ಣದ ಬಟ್ಟೆ ತೊಟ್ಟ ಜನ. ಗೋದಾಮಿನಲ್ಲಿ ರೋಮ್ ಕಟ್ಟಿದವನು ಈಗ ಗೋಡೆಯನ್ನೂ ತೆಗೆದುಬಿಟ್ಟ.

ಆಮೇಲೆ ಜನರನ್ನೂ ತೆಗೆದ. ಅದೇ 'ಬ್ಲೂ'.

ಕಾಯಿಲೆಯಿಂದ ಕಣ್ಣಿನ ನರಪೊರೆಗೆ ಸೋಂಕು ತಗುಲಿ ಜಾರ್ಮನ್‌ಗೆ ದೃಷ್ಟಿ ಹೋಗುತ್ತಾ ಬಂತು. 1993ರಲ್ಲಿ ಅವನು ಮಾಡಿದ ಸಿನಿಮಾದಲ್ಲಿ ಇರುವುದು ಒಂದೇ ನೀಲಿ. ಫ್ರೆಂಚ್ ಚಿತ್ರಕಾರ ಈವ್ ಕ್ಲೈನ್‌ನ ನೀಲಿಯಿಂದ ಬಂದಿದ್ದು. 79 ನಿಮಿಷ, ಅದೇ ನೀಲಿ, ಒಂದೇ ಒಂದು ಚಿತ್ರವೂ ಬರುವುದಿಲ್ಲ. ದನಿಗಳು ಮಾತ್ರ ಇವೆ: ಜಾರ್ಮನ್, ಟಿಲ್ಡಾ, ನೈಜೆಲ್ ಟೆರಿ, ಜಾನ್ ಕ್ವೆಂಟಿನ್. ಜೊತೆಗೆ ಸೈಮನ್ ಫಿಶರ್ ಟರ್ನರ್‌ನ ಸಂಗೀತ. ಆ ಸೆಪ್ಟೆಂಬರ್‌ನಲ್ಲಿ ಚಾನೆಲ್ 4 ಟಿವಿ ಮತ್ತು ಬಿಬಿಸಿ ರೇಡಿಯೊ 3 ಇದನ್ನು ಒಂದೇ ಹೊತ್ತಿಗೆ ಪ್ರಸಾರ ಮಾಡಿದವು, ಜನ ಟಿವಿ ನೋಡುತ್ತಾ ರೇಡಿಯೊದಲ್ಲಿ ಒಳ್ಳೆಯ ಸ್ಟೀರಿಯೊ ಸದ್ದು ಕೇಳಲಿ ಅಂತ.

ಇಲ್ಲಿ ಒಂದು ಉಪಯೋಗದ ಮಾತು. ಈಗಿನ ಕೆಲವು ಟಿವಿಗಳು ತೆರೆ ಮೇಲೆ ಏನೂ ಅಲ್ಲಾಡದಿದ್ದರೆ ತಾವೇ ಬೆಳಕು ಇಳಿಸಿಬಿಡುತ್ತವೆ. ನಮ್ಮದೂ ಹಾಗೇ ಮಾಡಿತು. ಹತ್ತು ನಿಮಿಷದಲ್ಲಿ ಆ ಉರಿಯುವ ನೀಲಿ ಮಂಕಾಗಿ, ಬೂದಿ ಬಿದ್ದ ಹಾಗಾಯಿತು. ಮೊದಲು ಸಿನಿಮಾವೇ ಹೀಗೆ ಅಂದುಕೊಂಡೆ. ನೋಡುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ವಿದ್ಯುತ್ ಉಳಿಸುವ, ಬೆಳಕು ತಾನಾಗಿ ಬದಲಾಗುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ರೂಮಿನ ದೀಪ ಆರಿಸಿ. ಆಗ ನೀಲಿ ಗೋಡೆಗೆ, ಸೋಫಾಗೆ, ನಿಮ್ಮ ಕೈಬೆರಳಿಗೆ ಹತ್ತುತ್ತದೆ. ಅರ್ಧ ಗಂಟೆ ಆದ ಮೇಲೆ ಕಣ್ಣು ಪಕ್ಕಕ್ಕೆ ತಿರುಗಿಸಿದರೆ ಕತ್ತಲೆಯಲ್ಲಿ ಹಳದಿ ಚೌಕ ಕಾಣುತ್ತದೆ.

ನನ್ನ ಸಂಗಾತಿ ಮೊದಲ ಐದು ನಿಮಿಷ ಕೂತು, ಇದರಲ್ಲಿ ನೋಡೋದೇನಿದೆ ಅಂತ ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದ. ದನಿ ಅಲ್ಲಿಗೂ ಕೇಳುತ್ತಿತ್ತು. ಜಾರ್ಮನ್ ಕಣ್ಣಾಸ್ಪತ್ರೆಯ ಕಾಯುವ ಕೋಣೆಯ ಬಗ್ಗೆ ಹೇಳುತ್ತಾನೆ, ಸತ್ತ ಸ್ನೇಹಿತರ ಹೆಸರು ಹೇಳುತ್ತಾನೆ, ಕಣ್ಣಿಗೆಂದು ಕೊಡುವ ಮದ್ದಿನಿಂದ ಏನೇನು ತೊಂದರೆ ಆಗಬಹುದು ಅನ್ನುವ ಉದ್ದದ ಪಟ್ಟಿಯನ್ನು ಓದಿಸುತ್ತಾನೆ. ಒಂದು ಕಡೆ ಅಂಗಡಿಯ ಕಿಟಕಿಯಲ್ಲಿ ಬೂಟು ನೋಡಿ ನಿಲ್ಲುತ್ತಾನೆ. ಕೊಳ್ಳೋಣ ಅನ್ನಿಸುತ್ತದೆ. ಕಾಲಲ್ಲಿ ಇರುವುದೇ ಬದುಕಿನಿಂದ ಆಚೆ ನಡೆದುಹೋಗಲು ಸಾಕು ಅಂದುಕೊಂಡು ಸುಮ್ಮನಾಗುತ್ತಾನೆ. ಅಷ್ಟೊತ್ತಿಗೆ ಅಡುಗೆಮನೆಯ ನಲ್ಲಿ ಸದ್ದು ನಿಂತಿತ್ತು. ಅವನು ಒದ್ದೆ ಕೈಯಲ್ಲೇ ಬಂದು ಬಾಗಿಲ ಹತ್ತಿರ ನಿಂತ, ಕೊನೆಯವರೆಗೂ ಕೂರಲಿಲ್ಲ, ಹೋಗಲೂ ಇಲ್ಲ.

ಜಾರ್ಮನ್ ತೀರಿಕೊಂಡಿದ್ದು 1994ರ ಫೆಬ್ರವರಿ 19ರಂದು, ಲಂಡನ್ನಿನಲ್ಲಿ, 52ನೇ ವಯಸ್ಸಿಗೆ. ಓಲ್ಡ್ ರೋಮ್ನಿಯ ಸೇಂಟ್ ಕ್ಲೆಮೆಂಟ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ. ಡಂಜನೆಸ್‌ನಿಂದ ಬರುವಾಗ ಅಲ್ಲಿಗೂ ಹೋದೆವು. ಕಪ್ಪು ಕಲ್ಲಿನ ಮೇಲೆ ಅವನ ಸಹಿ ಅಷ್ಟೇ ಇದೆ.

ಎರಡನೇ ಪೆಟ್ಟಿಗೆಯಲ್ಲಿ 'ಬ್ಲೂ' ಆದ ಮೇಲೆ ಇನ್ನೊಂದಿದೆ, ತಪ್ಪಿಸಬೇಡಿ. 'ಗ್ಲಿಟರ್‌ಬಗ್' (1994). ಗೋದಾಮಿನ ದಿನಗಳಲ್ಲಿ ಸುಮ್ನೆ ತೆಗೆದಿಟ್ಟಿದ್ದ ಸೂಪರ್ 8 ರೀಲುಗಳನ್ನು ಸೇರಿಸಿ ಕಟ್ಟಿದ್ದು, ಮಾತಿಲ್ಲ, ಬ್ರಯನ್ ಈನೋನ ಸಂಗೀತ ಮಾತ್ರ. ಸ್ನೇಹಿತರು, ಪಾರ್ಟಿ, ಬಿಸಿಲು, ಕ್ಯಾಮೆರಾ ನೋಡಿ ನಗುವ ಹುಡುಗರು. ನೀಲಿಯೊಂದನ್ನೇ ಅಷ್ಟು ಹೊತ್ತು ನೋಡಿದ ಕಣ್ಣಿಗೆ ಒಂದೊಂದು ಮುಖವೂ ಹಬ್ಬದ ಹಾಗೆ ಕಾಣುತ್ತದೆ. ಅದು ಮುಗಿದ ಮೇಲೆ ಮೊದಲ ಪೆಟ್ಟಿಗೆ ಬಿಚ್ಚಿ 'ಸೆಬಾಸ್ಟಿಯಾನೆ' ಹಾಕಿ. ಅಷ್ಟೊತ್ತಿಗೆ ಆ ಹುಡುಗರ ಮುಖಗಳು ನಿಮಗೆ ಪರಿಚಯ ಆಗಿರುತ್ತವೆ.